ಏಕವಚನ ನಿಷೇಧ

ಬೀದಿಯವರ ವಾಟ್ಸ್ಯಾಪ್ ಗುಂಪಿಗೆ ಕನ್ನಡಕದಂಗಡಿಯ ಯಜಮಾನರೇ ಅಡ್ಮಿನ್. ಅಲ್ಲಿ ಏಕವಚನ ನಿಷಿದ್ಧ. ಸಿಟ್ಟಿನಲ್ಲಿ ಯಾರಾದರೂ ‘ನೀನು’ ಎಂದರೋ, ಗುಂಪಿನಿಂದ ಹೊರಗೆ. ‘ಭಿನ್ನಾಭಿಪ್ರಾಯವಿರಲಿ, ಮರ್ಯಾದೆ ತಪ್ಪದಿರಲಿ’ ಎಂದು ದಿನಾ ಬೆಳಿಗ್ಗೆ ಹೂವಿನ ಚಿತ್ರದ ಮೇಲೆ ಬರೆದು ಹಾಕುತ್ತಿದ್ದರು, ಪುಣ್ಯಾತ್ಮರು. ಹಾಕಿ ಮುಗಿಸಿ, "ಏ ಇವಳೇ, ಕಾಫಿ ಏನ್ ನಾಳೆ ತರ್ತೀಯಾ?" ಎಂದು ಗುಡುಗುತ್ತಿದ್ದರು. ಹೇಳೋದು ಆಚಾರ, ತಿನ್ನೋದು ಬದನೇಕಾಯಿ.

‘ಇವಳೇ’ ಎಂದರೆ ಅವರ ಹೆಂಡತಿ. ಒಳಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಪ್ಯಾಂಟು ಗಿಡ್ಡ ಮಾಡಿಕೊಡುವವಳು. ಅವಳ ಮಾತು ಗಿಡ್ಡ ಮಾಡುವ ಕೆಲಸ ಗಂಡನದು.

"ಅಮ್ಮಾ, ಇವ್ರ ಹೊಡೆತ ತಡೆಯೋಕಾಗ್ತಿಲ್ಲ. ಮನೆಗೆ ಬಂದ್ಬಿಡ್ತೀನಿ, ಅಪ್ಪನ್ನ ಒಂದ್ಮಾತು ಕೇಳು" ಎಂದು ಮಗಳು ಗಂಡನ ಮನೆಯಿಂದ ಫೋನಿನಲ್ಲಿ ಅತ್ತಿದ್ದಳು. ಕೇಳಲು ಹೋದಾಗಲೆಲ್ಲ "ನಿಂಗೇನ್ ಗೊತ್ತಾಗುತ್ತೆ, ಬಾಯ್ಮುಚ್ಕೊಂಡಿರು" ಎಂಬಲ್ಲಿಗೆ ಚರ್ಚೆ ಸಂಪನ್ನ.

ಒಂದು ಭಾನುವಾರ ಗುಂಪಿನಲ್ಲೂ ಅದೇ ವಿಷಯ ಬಂತು: ಗಂಡನ ಮನೆ ಬಿಟ್ಟ ಹೆಣ್ಣುಮಕ್ಕಳನ್ನು ತವರಿಗೆ ಸೇರಿಸಬೇಕೇ? ‘ಹೊಂದಿಕೊಂಡು ಹೋಗುವುದೇ ಲೇಸು’ ಎಂದು ಯಜಮಾನರು ಮಾರುದ್ದ ಬರೆದರು. ಹೆಂಡತಿಯ ಬಳಿ ಹೊಲಿಗೆ ಗಿರಾಕಿಗಳಿಗೆಂದೇ ಇನ್ನೊಂದು ನಂಬರಿತ್ತು. ಅದು ತಮಗ್ಯಾಕೆ ಎಂದು ಗಂಡ ಸೇವ್ ಮಾಡಿಕೊಂಡಿರಲೇ ಇಲ್ಲ. ಗುಂಪಿಗೆ ಸೇರುವ ಲಿಂಕು ಹೇಗೂ ಎಲ್ಲರ ಕೈಯಲ್ಲಿತ್ತು. ಹೆಸರಿನ ಜಾಗದಲ್ಲಿ ಬರೀ ಚುಕ್ಕಿ ಇಟ್ಟು ಅವಳು ಒಳಹೊಕ್ಕಳು.

‘ಮಾನ್ಯರೇ, ತಮ್ಮ ಮಾತಿಗೆ ಗೌರವವಿದೆ. ಹೊಡೆತಕ್ಕೆ ಹೊಂದಿಕೊಳ್ಳುವುದು ಹೇಗೆಂದು ಮಾತ್ರ ತಾವು ತಿಳಿಸಬೇಕು. ಯಾವ ಕೆನ್ನೆ ಮೊದಲು?’

ಯಜಮಾನರು ಹಿಗ್ಗಿ ಹೀರೇಕಾಯಿಯಾದರು. ‘ವಿರೋಧ ಎಂದರೆ ಹೀಗಿರಬೇಕು! ತಾವು ಮುಂದುವರಿಸಿ.’

ತಾವು! ಅವಳ ಕಣ್ಣು ತುಂಬಿತು, ಹಿಂದೆಯೇ ಮೈ ಉರಿಯಿತು. ಗೋಡೆಯಾಚೆ ಸೋಫಾದಲ್ಲಿ ಗಂಡ, ಈಚೆ ಯಂತ್ರದ ಮುಂದೆ ಅವಳು. ಅವಳು ಬರೆದದ್ದನ್ನೆಲ್ಲ ಅವರು ಪೂರ್ತಿ ಓದಿದರು, ಮದುವೆಯಾದ ಮೇಲೆ ಮೊದಲ ಸಲ ಅಡ್ಡಬಾಯಿ ಹಾಕಲಿಲ್ಲ. ಕೊನೆಗೆ ಇಡೀ ಬೀದಿಯೆದುರು ಬರೆದರು: ‘ತಾವು ನನ್ನ ಕಣ್ಣು ತೆರೆಸಿದಿರಿ. ನನ್ನ ಮಗಳೇ ಬಂದರೂ ಬಾಗಿಲು ತೆರೆದಿರುತ್ತದೆ.’ ಬೀದಿಗೆ ಬೀದಿಯೇ ಚಪ್ಪಾಳೆಯ ಚಿತ್ರ ಒತ್ತಿತು.

ಯಜಮಾನರು ಬೀಗುತ್ತ ಒಳಬಂದರು. "ಏ ಇವಳೇ, ಯಾರೋ ಓದ್ಕೊಂಡೋರು, ಎಷ್ಟು ಮರ್ಯಾದೆಯಿಂದ ವಾದ ಮಾಡಿದ್ರು ಗೊತ್ತಾ? ನೀನೂ ಇದೀಯ."

ಅವಳು ಫೋನನ್ನು ಅವರತ್ತ ತಿರುಗಿಸಿದಳು. ಊರಿಗೆಲ್ಲ ಕನ್ನಡಕ ಹಾಕುವವರು ತಮ್ಮದನ್ನು ಮೇಲೆ ಸರಿಸಿ ಓದಿದರು, ಕೆಳಗೆ ಸರಿಸಿ ಓದಿದರು.

"ನೀನಾ?"

"ಏಕವಚನ ಬಂತಲ್ಲ, ಅಡ್ಮಿನ್ನೋರೇ."

ಅವರು ಹಲ್ಲು ಕಡಿಯುತ್ತ ಚುಕ್ಕಿಯನ್ನು ಗುಂಪಿನಿಂದ ಕಿತ್ತೆಸೆದರು. "ಈಗೇನ್ ಮಾಡ್ತೀಯ?"

"ನಾನೇನೂ ಮಾಡಲ್ಲ. ನೀವು ಬರೆದಿದ್ದನ್ನ ಮಗಳಿಗೆ ಕಳ್ಸಿದೆ. ಬಸ್ ಹತ್ತಿದಾಳೆ. ಬೀದಿಯೋರೆಲ್ಲ ನೋಡ್ತಿರ್ತಾರೆ, ಬಾಗ್ಲು ನೀವೇ ತೆಗೀರಿ."

ಸಂಜೆ ಮಗಳು ಬಂದಾಗ ಎದುರುಮನೆಯ ಕಿಟಕಿಗಳ ತುಂಬ ತಲೆಗಳು. ಯಜಮಾನರು ಬಾಗಿಲು ತೆರೆದರು. ಬೈಗುಳ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅವಳ ಊದಿದ ಎಡಗೆನ್ನೆ ಕಂಡಿತು.

"ಬನ್ನಿ," ಎಂದರು ಮಗಳಿಗೆ. "ಒಳಗ್ ಬನ್ನಿ."