ಸಲೋಮವ್ವನ ಕೈಗೆ ಬಂದ ಭೂತಗನ್ನಡಿ

ನಾನು ಮೊದಲು ಮರಳಾಗಿದ್ದೆ. ಯಾವ ಹೊಳೆಯ ಮರಳೋ ನೆನಪಿಲ್ಲ. ಕುಲುಮೆಯಲ್ಲಿ ಕರಗಿ, ಜೇನಿನಂತೆ ಹರಿದು, ಆರಿ ಗಾಜಾದೆ. ಒಬ್ಬ ಕೆಲಸಗಾರ ನಡುಭಾಗ ಉಬ್ಬಿರುವಂತೆ ನನ್ನನ್ನು ಉಜ್ಜಿ ನಯಗೊಳಿಸಿದ. ಅಂಚಿಗೆ ಹಿತ್ತಾಳೆಯ ಬಳೆ ತೊಡಿಸಿ, ಮರದ ಹಿಡಿ ಕೊಟ್ಟ. ಕೊನೆಗೆ ಪರೀಕ್ಷೆಗೆಂದು ಒಂದು ಇರುವೆಯ ಮೇಲೆ ಹಿಡಿದ. ಅಬ್ಬಾ! ಅದರ ಮೀಸೆ, ಮೊಣಕಾಲು, ಹೊಟ್ಟೆಯ ಹೊಳಪು, ಎಲ್ಲ ಕಂಡವು! ನಾನೊಂದು ಭೂತಗನ್ನಡಿ ಎಂದು ನನಗೆ ಗೊತ್ತಾದದ್ದು ಆಗಲೇ.

ಹುಬ್ಬಳ್ಳಿಯ ಚಷ್ಮಾ ಅಂಗಡಿಯಿಂದ ನನ್ನನ್ನು ಕೊಂಡವರು ಉಪದೇಶಿ ಸತ್ಯನಾಥಪ್ಪ. ಗದಗ ಸೀಮೆಯ ಒಂದು ನೇಕಾರರ ಊರಿನಲ್ಲಿ, ಕಲ್ಲಿನ ಹಳೆಯ ಕ್ರೈಸ್ತ ದೇವಾಲಯದಲ್ಲಿ, ಸಭೆಯ ಜನರಿಗೆ ಸತ್ಯವೇದ, ಅಂದರೆ ಬೈಬಲ್, ಕಲಿಸುವುದು ಅವರ ಕೆಲಸ. ಕಣ್ಣು ಮಂಜಾಗಿತ್ತು, ಉತ್ಸಾಹ ಮಾತ್ರ ಹಾಗೇ ಇತ್ತು. ಪ್ರತಿ ಗುರುವಾರ ಸಂಜೆ ದೊಡ್ಡವರಿಗೆಂದೇ ಒಂದು ತರಗತಿ ನಡೆಸುತ್ತಿದ್ದರು. ಮೊದಲು ಅವರು ಆ ದಿನದ ಭಾಗವನ್ನು ಪೂರ್ತಿ ಓದಿ ಹೇಳುವರು. ಆಮೇಲೆ ಸತ್ಯವೇದದ ಜೊತೆ ನಾನೂ ಬೆಂಚಿನುದ್ದಕ್ಕೂ ಕೈಯಿಂದ ಕೈಗೆ ಹೋಗಬೇಕು. ಕನ್ನಡಿ ಕೈಗೆ ಬಂದವರು ಒಂದು ವಚನ ಓದಬೇಕು. ಅದೇ ಪದ್ಧತಿ. ಅವರು ತೀರಿಕೊಂಡ ಮೇಲೆ ಮಗಳು, ಶಾಲೆಯಲ್ಲಿ ಕಲಿಸುವ ಪ್ರೇಮಾ ಅಕ್ಕೋರು, ತರಗತಿಯನ್ನೂ ನನ್ನನ್ನೂ ವಹಿಸಿಕೊಂಡರು.

ಎಷ್ಟು ಕೈಗಳು, ಎಷ್ಟು ಕಣ್ಣುಗಳು! ನನ್ನ ಮೂಲಕ ಓದುವ ಕಣ್ಣು ಸಾಲಿನ ಮೇಲೆ ಎಡದಿಂದ ಬಲಕ್ಕೆ ಓಡುತ್ತದೆ, ಮತ್ತೆ ಹಿಂದಕ್ಕೆ ಜಿಗಿಯುತ್ತದೆ. ಮಗ್ಗದ ಕಂಡಿಕೆಗೆ ನೂಲು ಸುತ್ತುವ ಸಲೋಮವ್ವನ ಕಣ್ಣು ಮಾತ್ರ ಕದಲುತ್ತಲೇ ಇರಲಿಲ್ಲ. ಬಾಯಿಂದ ವಚನ ಒಂದಕ್ಷರ ತಪ್ಪದೆ ಬರುತ್ತಿತ್ತು. ಗುಟ್ಟು ನನಗೊಬ್ಬಳಿಗೇ ಗೊತ್ತು. ಆಕೆ ತನಗಿಂತ ಮುಂದೆ ಕೂತ ತಲೆಗಳನ್ನು ಎಣಿಸುತ್ತಿದ್ದಳು. ತನಗೆ ಎಷ್ಟನೆಯ ವಚನ ಬರುತ್ತದೆಂದು ಲೆಕ್ಕ ಹಾಕಿ, ಅಕ್ಕೋರು ಓದುವಾಗಲೇ ಅದೊಂದನ್ನು ಕಿವಿಯಲ್ಲಿ ಕಟ್ಟಿಟ್ಟುಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷ ಹೀಗೇ ನಡೆಯಿತು!

ಒಂದು ಗುರುವಾರ ಅವಳ ಕೈ ತಣ್ಣಗಿತ್ತು. ವರ್ಷಕ್ಕೊಮ್ಮೆ ಬರುವ ಮಹಿಳೆಯರ ಭಾನುವಾರದ ಆರಾಧನೆಯಲ್ಲಿ ಸತ್ಯವೇದದ ಪಾಠ ಓದುವವರು ಸಲೋಮವ್ವ ಎಂದು ಗೋಡೆಗೆ ಚೀಟಿ ಅಂಟಿಸಿ, ಎಲ್ಲರಿಗೂ ಓದಿ ಹೇಳಿದ್ದರು. ತರಗತಿಯಲ್ಲಿ ಆ ದಿನ ಸಮುದ್ರದ ಬಿರುಗಾಳಿಯ ಕತೆ. ಅವಳು ಐದನೆಯವಳು. ಇಬ್ಬರು ಓದಿದ್ದರು, ಅಷ್ಟರಲ್ಲಿ ಮಧ್ಯಾಹ್ನ ಹೋಗಿದ್ದ ಕರೆಂಟ್ ಬಂತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಗಡಗಡ ಎಂದವು. ಮೂರನೆಯವಳೂ ನಾಲ್ಕನೆಯವಳೂ ಪವರ್‌ಲೂಮಿನವರು. ಎದ್ದು ಓಡಿಯೇಬಿಟ್ಟರು. ನಾನು ಸೀದಾ ಸಲೋಮವ್ವನ ಕೈಗೆ ಬಂದೆ. ಪುಟದಲ್ಲಿ ಈಗಷ್ಟೇ ಗಾಳಿ ಏಳುತ್ತಿದೆ. ಆಕೆ ಗಾಳಿ ನಿಂತು ಸಮುದ್ರ ಶಾಂತವಾದ ವಚನವನ್ನು ಗಟ್ಟಿಯಾಗಿ ಹೇಳಿದಳು!

ನಿವೃತ್ತ ರೈಲ್ವೆ ಗಾರ್ಡ್ ಮನೋಹರಪ್ಪ ತೊಡೆ ತಟ್ಟಿ ನಕ್ಕರು. "ತಂಗೆವ್ವಾ, ಗಾಳಿ ಏಳೂಕಿಂತ ಮೊದಲೇ ಶಾಂತ ಮಾಡಿಬಿಟ್ಟಿ! ನಿನ್ನ ಗಾಡಿ ಭಾಳ ಮುಂಚೆ ಬಂತಲ್ಲ!"

"ಕನ್ನಡಿ ಮಬ್ಬಾಗೇತ್ರಿ," ಎಂದಳು ಸಲೋಮವ್ವ.

ಇದೇನು, ನಾನು ಮಬ್ಬೇ! ಕೋಪ ಬಂತು. ಅವಳು ನನ್ನ ಹಿಡಿಯನ್ನು ಬಿಗಿಯಾಗಿ ಹಿಡಿದು ತಲೆ ತಗ್ಗಿಸಿದಾಗ ಕೋಪ ಇಳಿಯಿತು. ಪ್ರೇಮಾ ಅಕ್ಕೋರು ನನ್ನನ್ನು ಸೆರಗಿನಲ್ಲಿ ಒರೆಸಿದರು. ಒರೆಸುತ್ತ ಅವಳ ಮುಖ ನೋಡಿದರು, ನನ್ನನ್ನು ಪಕ್ಕದವರಿಗೆ ದಾಟಿಸಿದರು.

ಮಾರನೆಯ ದಿನ ಸಲೋಮವ್ವ ಅಕ್ಕೋರ ಮನೆಗೇ ಬಂದಳು. "ಚೀಟಿಯಾಗಿನ ನನ್ನ ಹೆಸರು ತೆಗೀರಿ. ನನಗ ಅಕ್ಷರ ಬರಂಗಿಲ್ಲ. ಎಲ್ಲಾರ ಮುಂದ ಗೊತ್ತಾದ್ರ ಮತ್ತ ನಾನು ಗುಡಿಗೆ ಹೆಂಗ ಬರ್ಲಿ?"

"ತೆಗಿಯೂದಿಲ್ಲ ಚಿಗವ್ವಾ. ಇನ್ನ ಮೂರು ತಿಂಗಳ ಐತಿ. ದಿನಾ ಬರ್ರಿ."

ಬಂದಳು, ಒಂದೊಂದೇ ಅಕ್ಷರ ಕಲಿತಳು! ಆದರೆ ಆ ಕಿವಿ ಬಲು ಕಳ್ಳ ಕಿವಿ. ಯಾವ ಕತೆ ಕೊಟ್ಟರೂ ಮೊದಲ ಮಾತು ನೋಡಿದೊಡನೆ ಉಳಿದದ್ದನ್ನು ಬಾಯಿಪಾಠ ಹೇಳಿಬಿಡುವಳು. ಅಕ್ಕೋರು ಸೋತು, ಕೊನೆಗೆ ವಂಶಾವಳಿಯ ಪುಟ ತೆಗೆದರು. ಬರೀ ಹೆಸರುಗಳು. ಯಾರು ಯಾರನ್ನು ಪಡೆದರು ಎಂಬ ಉದ್ದನೆಯ ಪಟ್ಟಿ. ಅದನ್ನು ಯಾರೂ ಬಾಯಿಪಾಠ ಮಾಡಿರುವುದಿಲ್ಲ. ನನ್ನ ಕೆಳಗೆ ಒಂದೊಂದೇ ಹೆಸರು ಬಂತು, ಕೊಂಬು, ದೀರ್ಘ, ಒತ್ತು ಎಲ್ಲ ಹುಣಸೆಬೀಜದಷ್ಟು ದಪ್ಪವಾಗಿ. ಒಂದು ತಿಂಗಳು ಎಡವಿದಳು. ಎರಡನೆಯ ತಿಂಗಳು ತೆವಳಿದಳು. ಒಂದು ದಿನ ಕೂಗಿದಳು, "ಅಕ್ಕೋರ! ತಾಮಾರಳು... ರೂತಳು... ಇದರಾಗ ಹೆಣ್ಮಕ್ಕಳೂ ಅದಾರಲ್ರೀ! ಇಷ್ಟ ವರ್ಷ ಗಂಡಸರ ಸಾಲು ಅಂತ ಕುಂತಿದ್ದೆ!"

ಅವಳ ಕಣ್ಣು ಓಡಿತು! ನನ್ನೊಳಗಿಂದ ಎಡದಿಂದ ಬಲಕ್ಕೆ ಓಡಿತು! ನನಗೆ ಕಾಲಿದ್ದಿದ್ದರೆ ಆಗಲೇ ಕುಣಿದುಬಿಡುತ್ತಿದ್ದೆ.

ಆಮೇಲೆ ಅವಳೇ ಒಂದು ಕರಾರು ಹಾಕಿದಳು. "ಆ ದಿನ ಯಾವ ಪಾಠ ಅಂತ ನನಗ ಹೇಳಬ್ಯಾಡ್ರಿ. ಹೇಳಿದ್ರ ಕಿವಿ ಮೊದಲ ಓಡ್ತೈತಿ."

ಆ ಭಾನುವಾರ ಬಿಳಿ ಸೀರೆಯುಟ್ಟು, ನನ್ನನ್ನು ಹಿಡಿದು, ಓದುವ ಪೀಠದ ಮೆಟ್ಟಿಲು ಹತ್ತಿದಳು. ಅಕ್ಕೋರು ಕಾಗದದ ಪಟ್ಟಿ ಇಟ್ಟು ಗುರುತು ಮಾಡಿದ್ದ ಪುಟ ತೆರೆದಳು. ಸೆರೆಮನೆಯಿಂದ ಬಿಡುಗಡೆಯಾದ ಪೇತ್ರ ಗೆಳೆಯರ ಮನೆಗೆ ಬಂದು ಬಾಗಿಲು ತಟ್ಟುವ ಕತೆ. ನಿಧಾನವಾಗಿ ಓದಿದಳು, ಕಿವಿಯನ್ನು ಮುಂದೆ ಓಡಗೊಡದೆ, ಮಾತಿಗೊಮ್ಮೆ ಉಸಿರೆಳೆದು. ಒಂದು ಕಡೆ ನಿಂತೇಬಿಟ್ಟಳು. ಮುಂದಿನ ಬೆಂಚಿನಿಂದ ಗಾರ್ಡ್ ಮೆಲ್ಲಗೆ ಆ ಮಾತನ್ನು ಹೇಳಿಕೊಟ್ಟರು.

"ತಡೀರಿ ಅಣ್ಣಾರ, ನಾನ ಓದ್ತೀನಿ," ಎಂದಳು. ಓದಿದಳು!

ಗುರುತಿಟ್ಟ ಭಾಗ ಮುಗಿಯಿತು. ರೋದೆ ಎಂಬ ಕೆಲಸದ ಹುಡುಗಿ ಪೇತ್ರನ ದನಿ ಕೇಳಿ, ಸಂತೋಷದ ಭರದಲ್ಲಿ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡಿದಳು. ಅಲ್ಲಿಗೆ ನಿಲ್ಲಿಸಬೇಕು. ಸಭೆ ನಡೆಸುವ ಅಯ್ಯನವರು ಎದ್ದು ನಿಂತರು, ಹಾಡುವವರು ಪುಸ್ತಕ ತೆರೆದರು. ಸಲೋಮವ್ವ ಇಳಿಯಲಿಲ್ಲ.

"ಅಯ್ಯನವರ, ಸ್ವಲ್ಪ ಕುಂದರ್ರಿ," ಎಂದಳು. "ಅಂವ ಇನ್ನೂ ಹೊರಗ ನಿಂತಾನ್ರಿ. ಒಳಗ ಕರಕೊಂಡು ಮುಗಸ್ತೀನಿ."

ಅಯ್ಯನವರು ಕೂತರು! ಸಭೆಯಲ್ಲಿ ನಗು ಎದ್ದಿತು, ಅಡಗಿತು. ಅವಳು ನನ್ನನ್ನು ಮುಂದಿನ ಸಾಲಿಗೆ ಸರಿಸಿದಳು.

ಈಗ ತರಗತಿಗೆ ದಪ್ಪ ಅಕ್ಷರದ ಸತ್ಯವೇದ ಬಂದಿದೆ. ನನ್ನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು. ದೇವಾಲಯದ ಪಕ್ಕದ ಕೋಣೆಯ ಕಪಾಟಿನಲ್ಲಿ, ಮೇಣದಬತ್ತಿಗಳ ಜೊತೆ ಮಲಗಿದ್ದೇನೆ. ಬೇಸರವೇ? ಇಲ್ಲಪ್ಪ! ಅಕ್ಷರವನ್ನು ದೊಡ್ಡದು ಮಾಡುವುದಷ್ಟೇ ನನಗೆ ಬರುತ್ತದೆ, ಅದರೊಳಗೆ ಹೋಗಿ ನೋಡಿ ಬರುವುದು ಮನುಷ್ಯರಿಗೆ ಮಾತ್ರ ಸಾಧ್ಯ. ಗುರುವಾರ ಸಂಜೆ ಗೋಡೆಯಾಚೆಯಿಂದ ಸಲೋಮವ್ವನ ದನಿ ಕೇಳುತ್ತದೆ. ನಿಧಾನವಾಗಿ ಓದುತ್ತಾಳೆ. ಕೇಳುತ್ತ ಕೇಳುತ್ತ ಮುಂದೇನಾಯಿತೋ ಎಂದು ನಾನೂ ಕಪಾಟಿನೊಳಗೆ ಕಾಯುತ್ತೇನೆ.