ಹಂಪವ್ವನ ಬೋರಮಾಳ ಉಳಿದದ್ದು ಹೇಗೆ?

ಹಂಪವ್ವ ಕುಷ್ಟಗಿ ಸೀಮೆಯ ಹಳ್ಳಿಯೊಂದರಲ್ಲಿ ಎಮ್ಮೆ ಕಟ್ಟಿ, ಬೆಣ್ಣೆ ಮಾರಿ ಸಂಸಾರ ನಡೆಸುವಾಕೆ. ಹುಲಿಗೆಮ್ಮನ ದರ್ಶನಕ್ಕೆ ಹೋದಾಗ ಬಸ್ಸಿನಲ್ಲಿ ಒಬ್ಬ ಪರಿಚಯವಾದ. ಮನೆಯ ಪಾಯ ತೋಡುವಾಗ ಬಂಗಾರದ ಗಟ್ಟಿ ಸಿಕ್ಕಿದೆ, ಹೊರಗೆ ಮಾರಲು ಅಂಜಿಕೆ ಎಂದು ಪಿಸುಗುಟ್ಟಿ, ಜೋಳದ ಕಾಳಿನಷ್ಟು ಚೂರು ಕೊಟ್ಟ. ಊರ ಪತ್ತಾರ ಅದನ್ನು ಒರೆಗಲ್ಲಿಗೆ ತಿಕ್ಕಿ ನೋಡಿ ಅಸಲಿ ಎಂದ.

ಮುಂದಿನ ವಾರ ಆ ಮನುಷ್ಯ ಮನೆಗೇ ಬಂದ. ನಿಂಬೆಹಣ್ಣಿನ ಗಾತ್ರದ ಅಂಕುಡೊಂಕು ಗಟ್ಟಿಯನ್ನು ಹಂಪವ್ವನ ಕೈಗಿಟ್ಟು, ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತ. ಬದಲಿಗೆ ತವರಿನ ಬೋರಮಾಳ ಸರ, ಮಗಳ ನರ್ಸಿಂಗ್ ಓದಿಗೆ ಕೂಡಿಟ್ಟ ರೊಕ್ಕ ಕೊಡಬೇಕಿತ್ತು. ಹಂಪವ್ವ ಸರ ಬಿಚ್ಚುತ್ತಿದ್ದಾಗಲೇ ಪಕ್ಕದ ಮನೆಯ ಶೈಲಶ್ರೀ ಮಜ್ಜಿಗೆಗೆಂದು ಒಳಬಂದಳು. ಆಕೆ ಹೈಸ್ಕೂಲಿನ ವಿಜ್ಞಾನದ ಟೀಚರು. ಸಂಗತಿ ಕೇಳಿ ಗಾಬರಿಯಾದಳು.

"ಪತ್ತಾರ ನೋಡ್ಯಾನ, ಅಸಲಿ ಅಂದಾನ," ಎಂದಳು ಹಂಪವ್ವ.

"ಅಂವ ನೋಡಿದ್ದು ಚೂರು. ಈ ಗಟ್ಟಿ ನೋಡ್ಯಾನೇನು ಚಿಗವ್ವಾ?"

ಹಂಪವ್ವ ಸರ ಬಿಚ್ಚುವುದನ್ನು ನಿಲ್ಲಿಸಿದಳು. ಗಂಡ ಯಮನೂರಪ್ಪ ಸಿಡುಕಿದ: "ಸಾಲಿ ಪಾಠ ಇಲ್ಲಿ ಬ್ಯಾಡವಾ. ಹೊರಗ ಕುಂತಾಂವ ಸಿಟ್ಟಾದಾನು."

"ಅಂವ ಚಾ ಕುಡಿಯೂತನಕಾ ಸಾಕು ಕಾಕಾ."

ಬೆಣ್ಣೆ ತೂಗುವ ತಕ್ಕಡಿಯಲ್ಲಿ ಗಟ್ಟಿ ೩೪೦ ಗ್ರಾಂ ತೂಗಿತು. ಶೈಲಶ್ರೀ ತಾಟಿನಲ್ಲಿ ತಂಬಿಗೆ ಇಟ್ಟು, ಬಾಯಂಚಿನವರೆಗೆ ತುಳುಕುವಂತೆ ನೀರು ತುಂಬಿದಳು. ತಾಟಿಗೆ ಬಿದ್ದ ಹನಿ ಒರೆಸಿ, ಗಟ್ಟಿಗೆ ದಾರ ಕಟ್ಟಿ ಮೆಲ್ಲಗೆ ಮುಳುಗಿಸಿದಳು. ಚೆಲ್ಲಿದ ನೀರನ್ನು ತೂಗಿದರೆ ೪೦ ಗ್ರಾಂ.

"ಒಂದು ಗ್ರಾಂ ನೀರಂದ್ರ ಒಂದು ಮಿಲಿ. ಈ ಗಟ್ಟಿ ನಲವತ್ತು ಮಿಲಿ ಜಾಗಾ ಹಿಡದೈತಿ, ಅದ ಇದರ ಗಾತ್ರ. ತೂಕಾನ ಗಾತ್ರದಿಂದ ಭಾಗಿಸಿದ್ರ ಎಂಟೂವರಿ. ಅದಕ್ಕ ಸಾಂದ್ರತೆ ಅಂತಾರ. ಅಪ್ಪಟ ಬಂಗಾರದ್ದು ಹತ್ತೊಂಬತ್ತರ ಮ್ಯಾಲ ಇರತೈತಿ. ಇದು ಬಂಗಾರ ಇದ್ರ ಇದರರ್ಧದಷ್ಟೂ ನೀರು ಚೆಲ್ಲತಿದ್ದಿಲ್ಲ."

"ನೀರಿಗೇನ್ ತಿಳೀತೈತಿ ಬಂಗಾರದ ಖಬರು!" ಎಂದ ಯಮನೂರಪ್ಪ.

ಶೈಲಶ್ರೀ ದೇವರ ಜಗಲಿಯ ಮೇಲಿನ ಹಿತ್ತಾಳೆಯ ಪುಟ್ಟ ದೀಪ, ಬಟ್ಟಲು, ಚಮಚ ತಂದು ಅಷ್ಟೇ ತೂಕಕ್ಕೆ ಹೊಂದಿಸಿದಳು. ಮತ್ತೆ ತಂಬಿಗೆ ತುಂಬಿ ಅವನ್ನೂ ಮುಳುಗಿಸಿದಳು. ಚೆಲ್ಲಿದ ನೀರು ಹೆಚ್ಚುಕಡಿಮೆ ಅಷ್ಟೇ! ಯಮನೂರಪ್ಪ ದೀಪವನ್ನೊಮ್ಮೆ, ಗಟ್ಟಿಯನ್ನೊಮ್ಮೆ ನೋಡಿದ. "ಹಿತ್ತಾಳಿ ಐತಲ್ಲೇ ಇದು!" ಎನ್ನುತ್ತ ಹೊರಗೋಡಿದ. ಒಳಗಿನ ಮಾತು ಕೇಳಿಸಿತ್ತೇನೋ, ಕಟ್ಟೆ ಖಾಲಿಯಾಗಿತ್ತು. ಕೂಡಲೇ ೧೧೨ಕ್ಕೆ ಫೋನ್ ಮಾಡಿ, ಗಟ್ಟಿಯನ್ನು ಪೊಲೀಸರಿಗೆ ಒಪ್ಪಿಸಿದರು.

ಹಂಪವ್ವ ಶೈಲಶ್ರೀಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನನ್ನ ಮಗಳ ಓದು ಉಳಿಸಿದೆವ್ವಾ. ನಿನ್ನ ಉಪಕಾರ ಹೆಂಗ ತೀರಸಲಿ?"

"ನಿಮ್ಮ ಮಹಿಳಾ ಸಂಘದಾಗ ನಾಕು ಮಂದಿಗೆ ಹೇಳು ಚಿಗವ್ವಾ, ಸಾಕು."

ಹಂಪವ್ವ ಹೇಳಿದಳು. ಆಸೆಬಿದ್ದದ್ದನ್ನೂ ಮುಚ್ಚಿಡದೆ, ತಂಬಿಗೆ ತಕ್ಕಡಿ ಮುಂದಿಟ್ಟುಕೊಂಡು ಎಲ್ಲರಿಗೂ ಮಾಡಿ ತೋರಿಸಿದಳು.

ಇದನ್ನು ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ಅಗ್ಗದ ಬಂಗಾರ, ನಿಧಿ ಎಂದು ಯಾರೇ ಬಂದರೂ ಚೂರು ನೋಡಿ ಗಟ್ಟಿಯನ್ನು ನಂಬಬೇಡಿ. ನೀರಿನ ಪರೀಕ್ಷೆ ಹಿತ್ತಾಳೆಯ ಮೋಸವನ್ನು ಬಯಲಿಗೆಳೆಯುತ್ತದೆ. ಆದರೆ ಅದರಲ್ಲಿ ಪಾಸಾದದ್ದೆಲ್ಲ ಬಂಗಾರವಲ್ಲ. ಹಾಲ್‌ಮಾರ್ಕ್ ಇದ್ದರೆ, ರಸೀದಿ ಕೊಟ್ಟರೆ ಮಾತ್ರ ಕೊಳ್ಳಿ. ಅನುಮಾನ ಬಂತೋ, ೧೧೨ಕ್ಕೆ ಕರೆಮಾಡಿ. ಇವತ್ತೇ ಪಕ್ಕದ ಮನೆಯವರಿಗೂ ಇದನ್ನು ತಿಳಿಸಿ. ಮೋಸಗಾರ ನಾಳೆ ಅವರ ಕಟ್ಟೆಗೂ ಬಂದು ಕೂತಾನು.