ಬಿಸಿಯ ಹೊಣೆ

ವಿಮಾನ ನೆಲ ಬಿಟ್ಟ ಕೂಡಲೇ ನಿಯಂತ್ರಣ ಕೋಣೆಯಲ್ಲಿ ಎಲ್ಲರೂ ಪರದೆಯತ್ತ ತಿರುಗಿದರು. ಪರದೆಯ ಮೇಲೆ ಬ್ಯಾಟರಿಯ ಬಿಸಿ ತೋರಿಸುವ ಗೆರೆ ಏರತೊಡಗಿತ್ತು. ಜೊತೆಯವರೆಲ್ಲ ‘ತಂಪಕ್ಕ’ ಎಂದು ಕರೆಯುತ್ತಿದ್ದ ಎಂಜಿನಿಯರ್ ಆ ಗೆರೆಯಿಂದ ಕಣ್ಣು ಕೀಳಲಿಲ್ಲ.

ಅರ್ಧ ಇಂಧನದಿಂದ, ಅರ್ಧ ವಿದ್ಯುತ್ತಿನಿಂದ ಹಾರುವ ಆ ಪುಟ್ಟ ವಿಮಾನದಲ್ಲಿ ಬಿಸಿಯ ಹೊಣೆಯೆಲ್ಲ ಅವಳದು. ಹಾರಿದರೆ ಹೆಸರು ಮೋಟಾರಿನವರಿಗೆ, ಕಾದು ಕೆಟ್ಟರೆ ಬೈಗುಳ ಇವಳಿಗೆ. ಮೋಟಾರು ಸಾಕಷ್ಟು ಕಾದರೂ ತಡೆದುಕೊಳ್ಳುತ್ತದೆ, ಬ್ಯಾಟರಿಗೆ ಅಷ್ಟು ಬಿಸಿ ಆಗಿಬರದು. ಎತ್ತು ಏರಿಗೆ, ಕೋಣ ನೀರಿಗೆ. ಎರಡನ್ನೂ ಒಂದೇ ಕೊಳವೆಯ ದ್ರವದಿಂದ ತಣಿಸಹೋಗಿ ಹಿಂದಿನ ಹಾರಾಟ ಅರ್ಧಕ್ಕೇ ನಿಂತಿತ್ತು. ಬ್ಯಾಟರಿಗೆ ಬೇರೆಯೇ ಕೊಳವೆ ಬೇಕೆಂದು ಅವಳು ಹಟ ಹಿಡಿದಳು. ತೂಕ ಹೆಚ್ಚುತ್ತದೆಂದು ಮುಖ್ಯಸ್ಥರು ಸಿಡುಕಿದರು. ಆ ತೂಕವನ್ನು ಬೇರೆ ಕಡೆ ಇಳಿಸಿಕೊಡುತ್ತೇನೆಂದು ಮಾತು ಕೊಟ್ಟು, ಒಂದೊಂದು ಲೋಹದ ಪಟ್ಟಿಯನ್ನೂ ತಿರುಪನ್ನೂ ತೂಗಿ ನೋಡಿ, ಮಾತು ಉಳಿಸಿಕೊಂಡಿದ್ದಳು.

ಗೆರೆ ಕೆಂಪಿನ ಅಂಚಿಗೆ ಬಂತು. ಮುಖ್ಯಸ್ಥರ ಕೈ ಮೈಕಿನತ್ತ ಹೋಯಿತು.

“ಇಳಿಯೋಕೆ ಹೇಳಿಬಿಡ್ತೀನಿ.”

“ಸ್ವಲ್ಪ ತಾಳಿ ಸರ್. ಕೆಂಪು ಮುಟ್ಟಿದ್ರೆ ನಾನೇ ಹೇಳ್ತೀನಿ. ಮುಟ್ಟಲ್ಲ.”

ಅವಳು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

ಗೆರೆ ಅಲ್ಲೇ ಅಡ್ಡಡ್ಡ ಮಲಗಿತು. ಆಮೇಲೆ, ರಚ್ಚೆ ಮುಗಿಸಿದ ಮಗುವಿನಂತೆ, ಮೆಲ್ಲಗೆ ಇಳಿಯತೊಡಗಿತು. ಮುಖ್ಯಸ್ಥರು ಮೈಕನ್ನು ಅವಳ ಮುಂದಕ್ಕೆ ಸರಿಸಿದರು. ಇನ್ನೂ ಮೇಲೇರಬಹುದು ಎಂದು ಪೈಲಟ್‌ಗೆ ತಿಳಿಸಿದ್ದು ಅವಳೇ.

ಅಂದು ಹಾರಾಟ ನೋಡಲು ಮನೆಯವರಿಗೂ ಕರೆಯಿತ್ತು. ವಿಮಾನ ಇಳಿದು ನಿಂತ ಮೇಲೆ ಅವಳು ಅಮ್ಮನನ್ನು ಹತ್ತಿರ ಕರೆದೊಯ್ದಳು. ಅಮ್ಮ ಮೂಗಿನಿಂದ ಬಾಲದವರೆಗೂ ದಿಟ್ಟಿಸಿ, “ಇದ್ರಲ್ಲಿ ನೀನು ಮಾಡಿದ್ದು ಯಾವ್ದೇ?” ಎಂದಳು.

“ಅದು ಹೊರಗೆ ಕಾಣಲ್ಲಮ್ಮ.”

“ಕಾಣದೇ ಇದ್ರೆ ಅಕ್ಕಪಕ್ಕದವ್ರಿಗೆ ಏನಂತ ಹೇಳ್ಕೊಳ್ಳಲಿ?”

ಅವಳಿಗೆ ನಗು ತಡೆಯಲಾಗಲಿಲ್ಲ. ಅಮ್ಮನ ಮೊಣಕೈ ಹಿಡಿದು ವಿಮಾನದ ಹೊಟ್ಟೆಯ ಬಳಿ, ಬ್ಯಾಟರಿಯ ಬಿಸಿ ಹೊತ್ತ ಗಾಳಿ ಹೊರಬೀಳುವ ಕಿಂಡಿಯ ಮುಂದೆ ನಿಲ್ಲಿಸಿದಳು. ಒಳಗಿನ ಫ್ಯಾನು ಇನ್ನೂ ತಿರುಗುತ್ತಿತ್ತು. ಅಮ್ಮ ಅಂಗೈ ಒಡ್ಡಿದಳು. ಬೆಚ್ಚನೆಯ ಗಾಳಿ ಬೆರಳುಗಳ ಸಂದಿಯಲ್ಲಿ ನುಸುಳಿ ಸೆರಗನ್ನು ಅಲುಗಿಸಿತು.

ಎಲ್ಲರೂ ಫೋಟೋಗೆ ಬರಬೇಕೆಂದು ಅತ್ತಲಿಂದ ಯಾರೋ ಕೂಗಿದರು. ಅಮ್ಮ ಇನ್ನೊಂದು ಕೈಯನ್ನೂ ಎತ್ತಿ ಕಿಂಡಿಗೆ ಹಿಡಿದಳು.